ಮೊದಲ ನೀರು

1989ನೇ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ, ನಾನು ಓದು ಬಿಟ್ಟೆ. ‘ಬಿಟ್ಟೆ’ ಅಂತಲೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಗುಬ್ಬಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಮೋಟರು ಹೊತ್ತು ತರುವ ತೋಟದವರಿಗೆಲ್ಲ ನನ್ನ ಈ ಮಾತು ಬಾಯಿಪಾಠ. ಮೋಟರಿನ ಮುಚ್ಚಳ ಬಿಚ್ಚುವ ಹೊತ್ತಿಗೆ ಸರಿಯಾಗಿ ಶುರು ಮಾಡುತ್ತೇನೆ: “ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು ಕಣಪ್ಪಾ ನಾನು. ಇವತ್ತು ಎಂಜಿನಿಯರಿಂಗ್ ಓದಿರೋರು ಬಂದು ನನ್ನ ಕೇಳ್ತಾರೆ.” ಹಾಗೆ ಬಂದು ಕೇಳಿದ ಎಂಜಿನಿಯರು ಈವರೆಗೆ ಒಬ್ಬನೇ. ಅವನು ಕೇಳಿದ್ದೂ ಬಸ್ ಸ್ಟ್ಯಾಂಡಿಗೆ ದಾರಿ ಯಾವುದು ಅಂತ. ಆದರೂ ಕೇಳಿದ್ದು ಸುಳ್ಳಲ್ಲವಲ್ಲ.

ಈ ಹಳೇ ಪುರಾಣ ಈಗ ಯಾಕೆ ಎದ್ದಿತು ಅಂದರೆ, ಅದು ಎದ್ದದ್ದು ನಮ್ಮ ಮನೆಯ ಬಚ್ಚಲ ಬಾಗಿಲಲ್ಲಿ.

ತುಮಕೂರಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಜನ ನಾಲ್ಕು, ಬಚ್ಚಲು ಒಂದು. ತಾರಸಿ ಮೇಲೆ ಸೋಲಾರ್ ಇದೆ, ನಿಜ. ಆದರೆ ಚಳಿಗಾಲದ ಮಂಜಿಗೆ ಅದು ನಮಗಿಂತ ತಡವಾಗಿ ಏಳುತ್ತದೆ. ಆ ಎರಡು ತಿಂಗಳು ಒಂದು ಪುಟ್ಟ ಗೀಸರೇ ಗತಿ. ಅದು ಒಂದು ಸಲಕ್ಕೆ ಒಬ್ಬರಿಗಾಗುವಷ್ಟು ನೀರು ಕಾಯಿಸಿ, ದಣಿದವರಂತೆ ಕಾಲು ಗಂಟೆ ಸುಮ್ಮನಾಗುತ್ತದೆ. ಹೆಂಡತಿ ಗಿರಿಜ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಟೆಸ್ಟಿಗೆಂದು ಖಾಲಿ ಹೊಟ್ಟೆಯಲ್ಲಿ ಬಂದು ಕೂತವರ ರಕ್ತ ತೆಗೆಯುವುದು ಅವಳ ಡ್ಯೂಟಿ, ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಬೇಕು. ಊರವರ ರಕ್ತ ಬೆಳಿಗ್ಗೆ ಹೀರುತ್ತಾಳೆ, ನನ್ನದನ್ನು ಸಂಜೆಗೆ ಇಟ್ಟುಕೊಂಡಿದ್ದಾಳೆ. ಮಗಳು ಚೈತ್ರ ಬಿ.ಕಾಂ. ಕೊನೇ ವರ್ಷ. ಅವಳಿಗೆ ಕ್ಲಾಸು ಎಂಟಕ್ಕೆ. ಹೀಗಾಗಿ ಆರು ಗಂಟೆಗೆ ಬಚ್ಚಲ ಬಾಗಿಲಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಅಮ್ಮ ಮಗಳು ನಿಂತರೆ ಅದು ದಿನದ ಮೊದಲ ಜಗಳ.

“ಅಮ್ಮ, ನಾನು ನಿನಗಿಂತ ಮೊದಲು ಎದ್ದೆ.”

“ಎದ್ದರೆ ಆಗಲ್ಲ ಕಣೇ, ಮೊಬೈಲ್ ಕೆಳಗಿಟ್ಟ ಮೇಲೆ ಎದ್ದಂಗೆ ಲೆಕ್ಕ. ಸರಿ ಆ ಕಡೆ.”

ಅವ್ವನಿಗೆ ಈ ಗಲಾಟೆಯಿಲ್ಲ. ಹನ್ನೊಂದರ ಬಿಸಿಲು ಹಿತ್ತಲಿಗೆ ಬಿದ್ದ ಮೇಲೇ ಅವಳ ಸ್ನಾನ, ಆಮೇಲೆ ವಿಭೂತಿ, ಪೂಜೆ. ನನಗಂತೂ ಬೆಳಗಿನ ಸರದಿಯೇ ಇಲ್ಲ. ಮುಖ ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡು, ಸ್ವೆಟರ್ ಮೇಲೆ ಜರ್ಕಿನ್ ಏರಿಸಿ ಗುಬ್ಬಿ ರಸ್ತೆ ಹಿಡಿಯುತ್ತೇನೆ. ನನ್ನ ಸ್ನಾನ ಸಂಜೆ. ಕೈಗೆ ವಾರ್ನಿಷ್ ಮೆತ್ತಿಕೊಳ್ಳುವವನಿಗೆ ಬೆಳಗಿನ ಸ್ನಾನ ಯಾಕೆ ಅಂತ ಕೇಳಿದವರಿಗೆ ಹೇಳುತ್ತೇನೆ. ಇದೂ ಒಂದು ಜಂಬವೇ. ನಿಜ ಏನು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಹಾಗಲವಾಡಿ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಬಚ್ಚಲು ಅಂದರೆ ಒಂದು ಹಂಡೆ, ಅದರ ಕೆಳಗೆ ಒಂದು ಒಲೆ. ಹಂಡೆ ತಾಮ್ರದ್ದು, ಆದರೆ ಅದನ್ನು ನಂಬಲು ಅವ್ವನ ಮಾತೇ ಆಧಾರ, ಹೊರಗೆ ಅಷ್ಟು ಮಸಿ. ಒಲೆಗೆ ತೆಂಗಿನ ಸೋಗೆ, ಮಟ್ಟೆ, ಕರಟ. ಸೋಗೆ ಭಗ್ಗೆಂದು ಉರಿದು ಮೋಸ ಮಾಡುತ್ತದೆ, ಮಟ್ಟೆ ಹೊಗೆಯಾಡಿ ಅಳಿಸುತ್ತದೆ, ಕರಟ ಮಾತ್ರ ಮಾತಿಗೆ ನಿಲ್ಲುತ್ತದೆ. ಚಳಿಗಾಲದಲ್ಲಿ ಆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಮನುಷ್ಯನಿಗೆ ಎರಡೂ ಕಡೆ ಒಟ್ಟಿಗೆ ಬೆಚ್ಚಗಾಗುವುದು ಸಾಧ್ಯವಿಲ್ಲ ಅಂತ ನನಗೆ ಗೊತ್ತಾಗಿದ್ದು ಅಲ್ಲೇ.

ಹಂಡೆಗೆ ಒಂದು ನಿಯಮವಿತ್ತು. ಸ್ನಾನ ಮುಗಿಸಿದವರು ಎಷ್ಟು ತೋಡಿದರೋ ಅಷ್ಟು ತಣ್ಣೀರು ತಿರುಗಿ ಹುಯ್ಯಬೇಕು. ಹಾಗಾಗಿ ಸುಡುಸುಡು ನೀರು ಸಿಗುತ್ತಿದ್ದುದು ಮೊದಲನೆಯವರಿಗೆ. ಎರಡನೆಯವರಿಗೆ ಬಿಸಿ, ಮೂರನೆಯವರಿಗೆ ಬೆಚ್ಚಗೆ, ಕೊನೆಯವರಿಗೆ ಹೊಗೆ ವಾಸನೆ ಮಾತ್ರ. ಆ ಮೊದಲ ನೀರು ಸ್ಕೂಲಿಗೆ ಹೋಗುವವರದ್ದು, ಅವರಲ್ಲಿ ದೊಡ್ಡವರದ್ದು. ಅಂದರೆ ನನ್ನದು. ನನ್ನ ನಂತರ ತಂಗಿ ಶಾಂತ. ಕೆಲಸದವರದ್ದೇನಿದ್ದರೂ ಸಂಜೆ. ಹೊತ್ತು ಹುಟ್ಟುವ ಮೊದಲು ಅವ್ವ ಬಚ್ಚಲಿನಿಂದ ಕೂಗುತ್ತಿದ್ದಳು: “ರುದ್ರಾ, ಮೊದಲ ನೀರೂ!” ಆ ‘ರೂ’ ಎಷ್ಟು ಉದ್ದ ಅಂದರೆ ಪಕ್ಕದ ಮನೆಯ ಹುಡುಗನೂ ಎದ್ದು ಕೂರುತ್ತಿದ್ದ. ಕಂಬಳಿಯಿಂದ ಒಂದು ಕಾಲು ಹೊರಗೆ ಹಾಕಿ, ಮತ್ತೆ ಒಳಗೆಳೆದುಕೊಂಡು, ಇನ್ನೊಂದು ಸಲ ಕೂಗಲಿ ಅಂತ ಕಾಯುವುದಿದೆಯಲ್ಲ, ಆ ಸುಖ ನನಗೆ ಆಮೇಲೆ ಯಾವುದರಲ್ಲೂ ಸಿಕ್ಕಿಲ್ಲ. ನೀವೂ ಯಾರಾದರೂ ಎರಡನೇ ಸಲ ಕೂಗಲಿ ಅಂತ ಮಲಗಿದ್ದವರೇ ಆಗಿದ್ದರೆ ನಿಮಗೆ ಗೊತ್ತಿರುತ್ತದೆ.

ಆ ಡಿಸೆಂಬರಿನಲ್ಲಿ ಅಪ್ಪ ಎತ್ತಿನ ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ. ರಾಗಿ ಒಕ್ಕಣೆಯ ಕಾಲ. ಮೆದೆ ಹಾಗೇ ನಿಂತಿದೆ. “ಕಣದ ಕೆಲಸ ಮುಗೀಲಿ, ಆಮೇಲೆ ಸ್ಕೂಲಿಗೆ ಹೋಗೀವಂತೆ” ಅಂದರು ಮನೆಯಲ್ಲಿ. ನಾನೂ ಹೂಂ ಅಂದೆ. ಸುಳ್ಳು ಯಾಕೆ, ಖುಷಿಯಲ್ಲೇ ಅಂದೆ. ಮರುದಿನ ಬೀಜಗಣಿತದ ಟೆಸ್ಟ್ ಇತ್ತು.

ಎರಡನೆಯದೋ ಮೂರನೆಯದೋ ದಿನ, ಕತ್ತಲು ಹರಿಯುವ ಮುಂಚೆ ಎಚ್ಚರವಾಯಿತು. ಒಲೆಯಲ್ಲಿ ಕರಟ ಚಟಪಟ ಅನ್ನುತ್ತಿತ್ತು. ಕಂಬಳಿಯೊಳಗೆ ಕಾದೆ. ಅವ್ವ ಕೂಗಿದಳು: “ಶಾಂತೀ, ಮೊದಲ ನೀರೂ!”

ಎರಡನೇ ಸಲವೂ ಅದೇ ಹೆಸರು.

ನಾನು ಗೋಡೆ ಕಡೆ ತಿರುಗಿ ಮಲಗಿದೆ. ಆಹಾ, ಹೀಗೋ, ಅಂದುಕೊಂಡೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಹದಿನಾಲ್ಕು ವರ್ಷದವನಿಗೆ ಇಷ್ಟೂ ಅರ್ಥವಾಗುವುದಿಲ್ಲವೇ? ನಾನಿನ್ನು ಸಂಜೆ ನೀರಿನವನು. ಕಣದ ಕೆಲಸ ಸಂಕ್ರಾಂತಿಗೆ ಮುಗಿಯಿತು. ಆಮೇಲೆ ಹೋಗು ಅಂತ ಯಾರಾದರೂ ಅನ್ನುತ್ತಾರೇನೋ ಅಂತ ಒಂದು ವಾರ ನೋಡಿದೆ. ಯಾರೂ ಅನ್ನಲಿಲ್ಲ. ಎಂಟನೇ ದಿನ ನಾನೇ ಹೇಳಿದೆ, ಗುಬ್ಬಿಯಲ್ಲಿ ಮೋಟರ್ ಕೆಲಸ ಕಲಿಯಲು ಹೋಗುತ್ತೇನೆ ಅಂತ. ಅವತ್ತಿನಿಂದ ಬೆಳಗಿನ ನೀರು ಮುಟ್ಟಿದ್ದು ಹಬ್ಬಗಳಲ್ಲಿ ಮತ್ತು ಮದುವೆಯಾದ ದಿನ.

ಕೆಲಸ ಮಾತ್ರ ಚೆನ್ನಾಗಿ ಕಲಿತೆ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳುವುದನ್ನು ಕಾಯುತ್ತಾ ಕೂತರೆ ಆಗುವುದಿಲ್ಲ. ತಾಮ್ರದ ತಂತಿ ಎಷ್ಟು ಸುತ್ತು, ಮೋಟರಿನ ಯಾವ ಸಂದಿಗೆ ಯಾವುದು ಅಂತ ಪುಸ್ತಕ ನೋಡದೆ ಹೇಳುತ್ತೇನೆ. ಚಳಿಗಾಲದಲ್ಲಿ ಮಾತ್ರ ನಮ್ಮ ಕೆಲಸಕ್ಕೆ ಒಂದು ತೊಂದರೆ. ಸುತ್ತಿದ ತಂತಿಗೆ ಹುಯ್ದ ವಾರ್ನಿಷ್ ಬೇಗ ಒಣಗುವುದಿಲ್ಲ. ಆಗ ಮೋಟರಿನ ಹೊಟ್ಟೆಯೊಳಗೆ ಒಂದು ದೊಡ್ಡ ಬಲ್ಬು ಉರಿಸಿ ಇಡುತ್ತೇವೆ. ಬಂದ ಗಿರಾಕಿಗಳೆಲ್ಲ ಅದರ ಸುತ್ತ ಕೈಕಾಯಿಸಿಕೊಳ್ಳುತ್ತಾ ನಿಲ್ಲುತ್ತಾರೆ. ಕೆಲಸ ಇಲ್ಲದವರೂ ಬರುತ್ತಾರೆ. ಅವರಿಗೂ ನನ್ನ ಓದು ಬಿಟ್ಟ ಕಥೆ ಪುಕ್ಕಟೆ.

ಚೈತ್ರ ಚಿಕ್ಕವಳಿದ್ದಾಗಿನಿಂದ ಭಾನುವಾರ ನನ್ನ ಜೊತೆ ಅಂಗಡಿಗೆ ಬರುವವಳು. ಬಲ್ಬಿನ ಹತ್ತಿರ ಕೂತು ಹೋಂವರ್ಕ್ ಮಾಡುತ್ತಿದ್ದವಳು, ಒಂದು ದಿನ ನನ್ನ ಕೈಯಿಂದ ತಂತಿ ಕಿತ್ತುಕೊಂಡು ಸುತ್ತಿಯೇಬಿಟ್ಟಳು. ಕೈ ಅಂದರೆ ಕೈ! ನಾನು ಒಂದು ಮೋಟರು ಮುಗಿಸುವ ಹೊತ್ತಿಗೆ ಅವಳದ್ದೂ ಮುಗಿದು, ನನ್ನದರಲ್ಲಿ ತಪ್ಪು ಹುಡುಕುತ್ತಾಳೆ. ಹೆಮ್ಮೆ ಇತ್ತು. ಭಾನುವಾರದ ಮಟ್ಟಿಗೆ ಇರುವ ಹೆಮ್ಮೆ. ಅವಳಿಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಬೇಕಿತ್ತು. ಕೈ ಕಪ್ಪಾಗದ ಓದು ಓದಲಿ ಅಂತ ಬಿ.ಕಾಂ.ಗೆ ಸೇರಿಸಿದವನು ನಾನು. ಅವಳ ಓದಿಗೆಂದೇ ಗುಬ್ಬಿ ಬಿಟ್ಟು ತುಮಕೂರಿನಲ್ಲಿ ಮನೆ ಮಾಡಿದವನೂ ನಾನೇ.

ಈ ಸಲದ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಜಗಳ ಕೇಳಿಸಲಿಲ್ಲ. ಚಾ ಹಿಡಿದುಕೊಂಡು ಕೂತಿದ್ದವನು ತಲೆಯೆತ್ತಿದೆ.

“ನೀನೇ ಹೋಗಮ್ಮ. ನನಗೇನು ಅರ್ಜೆಂಟಿಲ್ಲ” ಅಂದಳು ಚೈತ್ರ.

ಗಿರಿಜ ಸಿಕ್ಕಿದ್ದೇ ಪುಣ್ಯ ಅಂತ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಮರುದಿನವೂ ಹಾಗೇ. ಅದರ ಮರುದಿನವೂ. ಮಗಳಿಗೆ ಬುದ್ಧಿ ಬಂತು ಅಂತ ಗಿರಿಜಳಿಗೆ ಸಮಾಧಾನ. ನನಗೆ ಮಾತ್ರ ಬೆನ್ನು ಕೊರೆಯತೊಡಗಿತು. ಮೊದಲ ನೀರನ್ನು ಯಾರೂ ಸುಮ್ಮನೆ ಬಿಟ್ಟುಕೊಡುವುದಿಲ್ಲ.

ಗುರುವಾರ ಮಧ್ಯಾಹ್ನ ಅವಳು ಗುಬ್ಬಿಯ ಅಂಗಡಿಗೇ ಬಂದು ಇಳಿದಳು. ಆ ಹೊತ್ತಿಗೆ ಹಾಗಲವಾಡಿಯ ಸಿದ್ದಪ್ಪ, ನನ್ನ ಹಳೇ ಗಿರಾಕಿ, ಬಲ್ಬಿನ ಮುಂದೆ ಕೈಚಾಚಿ ಕೂತಿದ್ದ.

“ಇವತ್ತು ಗುರುವಾರ ಅಲ್ವೇನೇ? ಕಾಲೇಜು?” ಅಂದೆ.

“ಹತ್ತು ದಿನ ಆಯ್ತಪ್ಪ ಹೋಗಿ.” ತಂತಿಯ ಉರುಳೆ ಎತ್ತಿಕೊಂಡಳು. “ಮುಂದಿನ ವಾರ ಎಕ್ಸಾಂ. ಬರೆಯಲ್ಲ. ಇಲ್ಲೇ ಬರ್ತೀನಿ, ದಿನಾ.”

“ತಲೆ ಕೆಟ್ಟಿದ್ಯಾ?”

“ನೀನು ಬಿಟ್ಟೆ. ನೀನು ಚೆನ್ನಾಗಿಲ್ವಾ? ಎಂಜಿನಿಯರ್‌ಗಳೇ ಬಂದು ಕೇಳ್ತಾರೆ ಅಂತೀಯ.”

ನಾನು ಬಾಯಿ ತೆರೆಯುವ ಮೊದಲು ಸಿದ್ದಪ್ಪ ತೆರೆದ. “ಬುಡಪ್ಪಾ ರುದ್ರಣ್ಣ, ಮಗ ಹೇಳೋದ್ರಲ್ಲಿ ಏನು ತಪ್ಪೈತೆ? ನೀನೇನು ಓದಿ ಬದುಕ್ದಾ? ಒಂಬತ್ತನೇ ಕ್ಲಾಸ್ಗೇ ಬುಟ್ಟೆ ಅಂತ ನೀನೇ ತಾನೆ ಹೇಳೋದು? ನಂಗೇ ಒಂದು ಇಪ್ಪತ್ತು ಸಲ ಹೇಳಿದ್ಯಾ.”

ಅವನ ಮೋಟರನ್ನು ಅವತ್ತೇ ಮುಗಿಸಿ ಕಳಿಸಿದೆ. ಅವನು ಹೊರಟುಹೋದರೆ ಸಾಕಿತ್ತು. ಮಗಳಿಗೆ ಏನು ಹೇಳಲಿ? ಬೈಯಲು ಬಾಯಿ ತೆರೆದರೆ ಇಷ್ಟು ವರ್ಷದ ನನ್ನ ಜಂಬವೇ ಅಡ್ಡ ಬಂದು ಕೂರುತ್ತದೆ. ಗಿರಿಜಳಿಗೆ ಹೇಳಿದಾಗ ಅವಳು ಅತ್ತಳು, ಆಮೇಲೆ ಒಂದೇ ಮಾತು ಅಂದಳು: “ಮನೇಲೂ ಅಂಗಡೀಲೂ ಅದೇ ಹಾಡು ಹಾಡಿದ್ದು ನೀವು ರೀ. ಈಗ ನೀವೇ ಅನುಭವಿಸಿ.”

ಭಾನುವಾರ ಕುಣಿಗಲ್ಲಿಗೆ, ಶಾಂತಳ ಮನೆಗೆ ಹೋಗುವುದು ಮೊದಲೇ ಮಾತಾಗಿತ್ತು. ಅವಳು ಅಲ್ಲಿ ಹೈಸ್ಕೂಲು ಟೀಚರು. ಪ್ರತಿ ವರ್ಷ ಅವರೆ ಕಾಲದಲ್ಲಿ ಒಂದು ದಿನ ಅಲ್ಲಿ ಸೇರಿ ಹಿದುಕಿದ ಬೇಳೆ ಸಾರು ಉಣ್ಣುವುದು ನಮ್ಮ ಪದ್ಧತಿ. ಗಿರಿಜಳ ರಜೆ, ಶಾಂತಳ ರಜೆ, ನನ್ನ ಬಿಡುವು, ಮೂರೂ ಕೂಡುವುದು ವರ್ಷಕ್ಕೆ ಅದೊಂದೇ ಸಲ. ಬಸ್ಸಿನ ಕಿಟಕಿಯಲ್ಲಿ ಹೆಬ್ಬೂರು ದಾಟುವವರೆಗೂ ರಸ್ತೆ ಬದಿ ಅವರೆಕಾಯಿ ಗುಡ್ಡೆಗಳು. ಆ ಸೊಗಡಿಗೆ ಅವ್ವ ಎರಡು ಸಲ ಬಸ್ಸು ನಿಲ್ಲಿಸಲು ಹೇಳಿದಳು. ಕಂಡಕ್ಟರು ನಿಲ್ಲಿಸಲಿಲ್ಲ. ಚೈತ್ರ ಕಿಟಕಿ ಕಡೆ ಮುಖ ಮಾಡಿ ಕೂತವಳು ಕುಣಿಗಲ್ ಬರುವವರೆಗೆ ತಿರುಗಲಿಲ್ಲ.

ಶಾಂತ ರಾತ್ರಿಯೇ ಕಾಳು ನೆನೆಹಾಕಿದ್ದಳು. ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ, ನಡುವೆ ದೊಡ್ಡ ತಟ್ಟೆ ಇಟ್ಟು ಐದು ಜನ ಕೂತೆವು. ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿಸುಕಿದರೆ ಬೇಳೆ ಚಿಮ್ಮಿ ತಟ್ಟೆಗೆ ಬೀಳಬೇಕು. ಅವ್ವನದ್ದು ಒಂದೂ ತಪ್ಪುವುದಿಲ್ಲ. ನನ್ನದು ಗಿರಿಜಳ ಕನ್ನಡಕಕ್ಕೆ ಹೋಗಿ ಬಡಿಯಿತು.

“ನಿಮ್ಮಣ್ಣನಿಗೆ ಮೋಟರೇ ಸರಿ” ಅಂದಳು ಗಿರಿಜ.

ಶಾಂತ ನಕ್ಕು, “ಏನೇ ಚೈತ್ರ, ಎಕ್ಸಾಮಿಗೆ ಎಲ್ಲ ರೆಡಿನಾ?” ಅಂದಳು.

“ಬರೆಯಲ್ಲ ಅತ್ತೆ. ಅಪ್ಪನ ಥರ ಬಿಟ್ಬಿಡ್ತೀನಿ.”

ಎಲ್ಲರ ಕೈ ನಿಂತಿತು, ಅವ್ವನದ್ದೊಂದು ಬಿಟ್ಟು. ಶಾಂತ ನನ್ನ ಮುಖ ನೋಡಿದಳು. “ಅಣ್ಣ, ನೀನು ಎಲ್ಲಿ ಬಿಟ್ಟೆ? ನಿನಗೆ ಹೋಗೋಕೆ ಆಗಲಿಲ್ಲ, ಅಷ್ಟೇ ಅಲ್ವಾ?”

ಅವಳು ಮೆತ್ತಗೇ ಕೇಳಿದಳು. ನನಗೇ ರೇಗಿತು. “ಆಗಲಿಲ್ಲ ಅಲ್ಲ ಕಣೇ, ಬೇಡ ಅಂದರು. ನಿನ್ನ ಕರೆದು ಮೊದಲ ನೀರು ಕೊಟ್ಟರಲ್ಲ, ಅವತ್ತೇ ಗೊತ್ತಾಯ್ತು ನನಗೆ, ನನ್ನ ಓದು ಮುಗೀತು ಅಂತ.”

ಅಂದಮೇಲೆ ನನಗೇ ಬೆರಗಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಹೆಂಡತಿಗೂ ಹೇಳದಿದ್ದ ಮಾತು.

ಅವ್ವನ ಕೈ ಈಗ ನಿಂತಿತು. “ಯಾವ ನೀರ್ಲಾ?”

“ಒಕ್ಕಣೆ ಕಾಲದಲ್ಲಿ. ನಾನು ಎಚ್ಚರವಾಗೇ ಮಲಗಿದ್ದೆ. ನೀನು ಶಾಂತೀ ಅಂತ ಕೂಗಿದೆ. ಎರಡು ಸಲ.”

ಅವ್ವ ಕೈಯಲ್ಲಿದ್ದ ಕಾಳನ್ನು ತಟ್ಟೆಗೆ ಹಾಕಿದಳು. “ಅಯ್ಯೋ ನಿನ್ನ! ಅದಕ್ಕಲ್ಲ ಕಣ್ಲಾ. ಕಣದಾಗೆ ದಿನವೆಲ್ಲ ಗೇದು ಬಂದು ಬಿದ್ದಿದ್ದೆ ನೀನು. ಮೈಯೆಲ್ಲ ರಾಗಿ ಧೂಳು, ಅಂಗೈಯೆಲ್ಲ ಬೊಬ್ಬೆ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಇನ್ನೊಂದು ಗಳಿಗೆ ಮಲಗ್ಲಿ ಮಗ ಅಂತ ಅವಳನ್ನ ಕೂಗ್ದೆ.”

“ದಿನಾನೂ?”

“ದಿನಾನೂ ದಣೀತಿದ್ಯಲ್ಲೋ ನೀನು.”

“ಮತ್ತೆ ಕಣ ಮುಗಿದ ಮೇಲೆ? ಹೋಗು ಅಂತ ಒಂದು ಮಾತು ಯಾಕೆ ಅನ್ನಲಿಲ್ಲ?”

“ಇವತ್ತು ಎದ್ದು ಹೊರಡ್ತಾನೆ, ನಾಳೆ ಹೊರಡ್ತಾನೆ ಅಂತ ನಾನೂ ನಿಮ್ಮಪ್ಪನೂ ನೋಡ್ತಾ ಇದ್ವಿ. ನೀನು ಗುಬ್ಬಿಗೆ ಹೋಯ್ತೀನಿ ಅಂದೆ. ಮಗನಿಗೆ ಸ್ಕೂಲು ಬೇಡವಾಗೈತೆ, ಹೊಡೆದು ಕಳಿಸೋಕೆ ಆಯ್ತದಾ ಅಂದ್ರು ನಿಮ್ಮಪ್ಪ. ಮೂರು ದಿನ ಸರಿಯಾಗಿ ಉಣ್ಣಲಿಲ್ಲ.”

ಆ ಮೂರು ದಿನ ನನಗೆ ನೆನಪಿತ್ತು. ಅಪ್ಪನಿಗೆ ಕಾಲು ನೋವು ಅಂದುಕೊಂಡಿದ್ದೆ.

ತಟ್ಟೆಯ ಮೇಲೆ ಒಂದು ನೊಣ ಕೂತಿತು, ಅದನ್ನು ಓಡಿಸುವ ನೆಪದಲ್ಲಿ ಶಾಂತ ಕಣ್ಣೊರೆಸಿಕೊಂಡಳು. ನಾನು ಒಂದಿಷ್ಟು ಕಾಳು ಹಿಸುಕಿದೆ. ಎಲ್ಲವೂ ಸರಿಯಾಗಿ ತಟ್ಟೆಗೇ ಬಿದ್ದವು. ಆಮೇಲೆ ಮಗಳ ಕಡೆ ತಿರುಗಿದೆ.

“ಕೇಳಿದ್ಯಲ್ಲ. ನಾನು ಬಿಟ್ಟಿದ್ದಲ್ಲ ಕಣೇ. ಯಾರಾದರೂ ಹೋಗು ಅಂತಾರೆ ಅಂತ ಕಾಯ್ತಾ ಮಲಗಿದ್ದೆ. ಬಿಟ್ಟೆ ಅಂತ ಹೇಳ್ಕೊಂಡರೆ ಚೆನ್ನಾಗಿ ಕೇಳಿಸುತ್ತೆ ಅಂತ ಹಂಗೆ ಹೇಳ್ಕೊಂಡೆ.”

ಚೈತ್ರ ತಲೆ ಎತ್ತಲಿಲ್ಲ. “ನೀನು ಕಾಯ್ತಿದ್ದೆ. ನಾನೇನು ಕಾಯ್ತಾ ಇಲ್ಲಪ್ಪ. ನಂಗೆ ನಿಜವಾಗ್ಲೂ ಆ ಕೆಲಸ ಇಷ್ಟ. ಬಿ.ಕಾಂ. ನೀನು ಹಾಕಿದ್ದು.”

ಅದು ನಿಜ. ನಿಜದ ಮುಂದೆ ಜಂಬ ನಡೆಯುವುದಿಲ್ಲ.

“ನಾನೇ ಹಾಕಿದ್ದು. ತಪ್ಪೇ ಇರಬಹುದು” ಅಂದೆ. “ಕೆಲಸ ನನಗೂ ಇಷ್ಟ. ಇಷ್ಟ ಇದ್ದೂ, ಈಗಲೂ ಚಳಿಗಾಲದಲ್ಲಿ ಗುಬ್ಬಿ ರಸ್ತೇಲಿ ಸ್ಕೂಲು ಬಂದ ಕಡೆ ಗಾಡಿ ನಿಧಾನ ಮಾಡ್ತೀನಿ. ಮಕ್ಕಳು ಕಂಕುಳಲ್ಲಿ ಕೈ ಇಟ್ಕೊಂಡು ಪ್ರೇಯರಿಗೆ ನಿಂತಿರ್ತಾವೆ. ಹೆಲ್ಮೆಟ್ ಗಾಜು ಮಂಜಾಯ್ತು ಅಂತ ನಿಲ್ಲಿಸಿ ಒರೆಸ್ತೀನಿ. ಗಾಜು ಮಂಜಾಗಿರಲ್ಲ. ಐವತ್ತಾಯ್ತು ನನಗೆ, ಇನ್ನೂ ಹೋಗಿಲ್ಲ ಅದು. ನಿನಗೆ ಅದು ಬೇಡ. ಯಾರೂ ನನಗೆ ಅನ್ನಲಿಲ್ಲ, ನಾನು ನಿನಗೆ ಅಂತಾ ಇದೀನಿ. ಹೋಗು. ಬರೆದು ಮುಗಿಸು. ಮುಗಿಸಿದ ಮೇಲೆ ನಿನಗೆ ಬೇಕಾದ್ದು ಮಾಡು, ನಾನು ಅಡ್ಡ ಬರಲ್ಲ.”

ಅವ್ವ ಗೊಣಗಿದಳು, “ಹಿಂಗೆ ಬಾಯಿಬಿಟ್ಟು ಕೇಳಿದ್ರೆ ಆಗ್ತಿರ್ಲಿಲ್ವಾ ಅವತ್ತೇ, ಮುಂಡೇದು” ಅಂತ. ಗೊಣಗುತ್ತಲೇ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಬೆರಳೆಲ್ಲ ಅವರೆ ಸೊಗಡು. ಆ ಶರ್ಟನ್ನು ಆ ವಾರ ನಾನು ಒಗೆಯಲು ಹಾಕಲಿಲ್ಲ.

ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ಚೈತ್ರ ಅಡುಗೆಮನೆ ಬಾಗಿಲಲ್ಲಿ ನನ್ನನ್ನು ಹಿಡಿದಳು.

“ಬರೀತೀನಿ. ಆದರೆ ಎಕ್ಸಾಂ ಮುಗಿದ ಮೇಲೆ ಅಂಗಡಿ ಬೋರ್ಡಲ್ಲಿ ನನ್ನ ಹೆಸರೂ ಬರೆಸಬೇಕು.”

“ಡಿಗ್ರಿ ಆಗಲಿ.”

“ಸರಿ, ಡಿಗ್ರಿ ಆದಮೇಲೆ. ನಿನ್ನ ಹೆಸರಿಗಿಂತ ದೊಡ್ಡಕ್ಷರದಲ್ಲಿ.”

ತಟ್ಟೆ ಹಾಕಿದ್ದರು, ಹೋಗಿ ಕೂತೆ. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡದ್ದು, ನನಗೆ ನೆನಪಿರುವಂತೆ, ಹೋದ ಅವರೆ ಕಾಲದ ನಂತರ ಅವತ್ತೇ. ಸಂಜೆ ಐದರ ಬಸ್ಸಿಗೆ ಮತ್ತೆ ಎಲ್ಲರಿಗೂ ಆತುರ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಗುಬ್ಬಿಯಲ್ಲಿ ಒಂದು ಅಂಗಡಿ, ಸುತ್ತುವ ಯಂತ್ರ ಎರಡು. ತುಮಕೂರಿನಲ್ಲಿ ಎರಡು ಕೋಣೆಯ ಮನೆ. ತಾಯಿ ಒಬ್ಬಳು, ಹೆಂಡತಿ ಒಬ್ಬಳು, ಕುಣಿಗಲ್ಲಿನಲ್ಲಿ ತಂಗಿ ಒಬ್ಬಳು. ಎಂಟು ಕ್ಲಾಸು ಪೂರ್ತಿ, ಒಂಬತ್ತನೆಯದು ಅರ್ಧ. ಆರು ಪೇಪರಿನಲ್ಲಿ ಮೂರು ಬರೆದು ಬಂದಿರುವ ಮಗಳು ಒಬ್ಬಳು.